ಸದ್ದು ಕಮ್ಮಿ ಬಂತಾ? ಮತ್ತೆ ಟ್ರಿಗರ್ ಒತ್ತಬೇಡಿ

ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡೋಕೆ ಚಿಕ್ಕ ಪಿಸ್ತೂಲ್ ತಗೊಳ್ಳಬೇಕು, ಅದಕ್ಕೂ ಮುಂಚೆ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಹೊಡೆದು ನೋಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರುವವರು ಪುಕ್ಕಟೆ ಕೊಡುವ ರೀಲೋಡ್ ತೋಟಾಗಳನ್ನು ಮುಟ್ಟಬೇಡಿ. ಒಮ್ಮೆ ಹಾರಿಸಿದ ಖಾಲಿ ಕೇಸಿಗೆ (ತೋಟಾದ ಲೋಹದ ಕವಚಕ್ಕೆ) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಹಾಕಿ ಮತ್ತೆ ತಯಾರು ಮಾಡಿದ್ದು ಅದು. ಶ್ರದ್ಧೆಯಿಂದ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರ ಮೇಲೆ ನನ್ನ ತಕರಾರಿಲ್ಲ. ಆದರೆ ಯಾರು ಮಾಡಿದ್ದು ಅಂತಲೇ ಗೊತ್ತಿಲ್ಲದೆ ಚೀಲದಲ್ಲಿ ಬಿಡಿಬಿಡಿಯಾಗಿ ಬರುತ್ತಲ್ಲ, ಅದು ಬೇಡವೇ ಬೇಡ.

ನನಗೆ ಕೊಟ್ಟಿದ್ದು ಅಂಥದ್ದೇ. 9 ಎಂಎಂ ಪಿಸ್ತೂಲ್, ಬ್ಯಾರಲ್ ಅಂದರೆ ನಳಿಗೆ ಹೆಚ್ಚುಕಮ್ಮಿ 3 ಇಂಚು. ಮೊದಲ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಚೆನ್ನಾಗಿಯೇ ಹೋಯಿತು. ಎರಡನೆಯದರ ನಡುವೆ ಒಂದು ಸಲ "ಟಪ್" ಅಂತ ಸಣ್ಣ ಸದ್ದು ಬಂತು, ಕೈಗೆ ಒದೆತವೇ ಇಲ್ಲ, ಪ್ರತಿ ಸಲ ಹಾರಿಸಿದಾಗ ಹಿಂದಕ್ಕೆ ಸರಿಯುವ ಮೇಲಿನ ಭಾಗ, ಅಂದರೆ ಸ್ಲೈಡ್, ಅಲುಗಲಿಲ್ಲ, ಗುರಿ ಹಾಳೆಯಲ್ಲಿ ಹೊಸ ತೂತೂ ಇಲ್ಲ. ಹಿಂದೆ ನಿಂತಿದ್ದ ಮಾರಾಟದವರು, "ಹೊಸ ಗನ್ ಅಲ್ವಾ ಸರ್, ಸ್ಪ್ರಿಂಗ್ ಬಿಗಿ ಇದೆ, ಸ್ಲೈಡ್ ಎಳೆದು ಮುಂದಿನದು ಹೊಡೀರಿ" ಅಂದರು.

ಆ ಮಾತು ನಂಬುವ ಹಾಗೇ ಇತ್ತು, ಅದೇ ಅಪಾಯ. ಚಿಕ್ಕ ಪಿಸ್ತೂಲ್‌ಗಳ ಸ್ಪ್ರಿಂಗ್ ನಿಜವಾಗಲೂ ಬಿಗಿ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ ಸಿಕ್ಕಿಕೊಳ್ಳುವುದೂ ಇದೆ. ಆಗ ಮ್ಯಾಗಜೀನ್ ತಳಕ್ಕೆ ಒಂದು ಏಟು ಕೊಟ್ಟು, ಸ್ಲೈಡ್ ಎಳೆದು, ಮತ್ತೆ ಹೊಡಿ ಅಂತಲೇ ಎಲ್ಲರಿಗೂ ಕಲಿಸುತ್ತಾರೆ. ಯೋಚನೆ ಮಾಡುವ ಮುಂಚೆ ಕೈ ತಾನೇ ಆ ಕೆಲಸ ಮಾಡಿಬಿಡುತ್ತದೆ.

ನಾನು ಪಿಸ್ತೂಲ್ ಗುರಿಯ ಕಡೆಗೇ ಹಿಡಿದು, ಬೆರಳು ಟ್ರಿಗರ್‌ನಿಂದ ತೆಗೆದು ರೇಂಜ್ ಆಫೀಸರನ್ನು ಕರೆದೆ. ಅವರು ಸ್ವಲ್ಪ ಹೊತ್ತು ಹಾಗೇ ಇರಿಸಿ, ಮ್ಯಾಗಜೀನ್ ತೆಗೆಸಿ, ಹಾರಿಸುವ ತೋಟಾ ಕೂರುವ ಜಾಗ, ಅಂದರೆ ಚೇಂಬರ್, ಖಾಲಿ ಮಾಡಿ, ಸ್ಲೈಡ್ ಬಿಚ್ಚಿದರು. ಬ್ಯಾರಲ್ ಒಳಗೆ ತೆಳ್ಳನೆಯ ಹಿತ್ತಾಳೆ ಕಡ್ಡಿ ಇಳಿಸಿದರೆ ಅದು ಅರ್ಧಕ್ಕೇ ನಿಂತಿತು. ಗುಂಡು ಅಲ್ಲೇ ಕಚ್ಚಿಕೊಂಡಿತ್ತು. ಹೊರಬಂದ ಕೇಸಿನ ಒಳಗೆ ಪ್ರೈಮರ್‌ನ ಮಸಿ ಬಿಟ್ಟರೆ ಮದ್ದು ಉರಿದ ಗುರುತೇ ಇರಲಿಲ್ಲ. ಮದ್ದು ಹಾಕೋದನ್ನೇ ಮರೆತಿದ್ದಾರೆ! ಬರೀ ಪ್ರೈಮರ್ ಜೋರಿಗೇ ಗುಂಡು ಅಷ್ಟು ದೂರ ಹೋಗಿ ಸಿಕ್ಕಿಕೊಂಡಿದೆ.

ಮಾರಾಟದವರು ಹೇಳಿದ ಹಾಗೆ ಸ್ಲೈಡ್ ಎಳೆದಿದ್ದರೆ ಖಾಲಿ ಕೇಸ್ ಹೊರಗೆ ಹಾರಿ, ಹೊಸ ತೋಟಾ ಸಲೀಸಾಗಿ ಒಳಗೆ ಕೂರುತ್ತಿತ್ತು. 9 ಎಂಎಂ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡವೇ ಚದರ ಇಂಚಿಗೆ 35,000 ಪೌಂಡ್, ಕಾರಿನ ಟೈರಿನಲ್ಲಿ ಇರುವುದು 30 ಚಿಲ್ಲರೆ. ಮುಂದೆ ದಾರಿ ಕಟ್ಟಿದ್ದರೆ ಅದು ಇನ್ನೂ ಮೇಲೇರುತ್ತದೆ. ಬ್ಯಾರಲ್ ಉಬ್ಬಬಹುದು, ಸೀಳಬಹುದು, ಮ್ಯಾಗಜೀನ್ ಕೆಳಗೆ ಸಿಡಿಯಬಹುದು. ಇಷ್ಟು ಚಿಕ್ಕ ಹಿಡಿಯಲ್ಲಿ ಬೆರಳುಗಳೆಲ್ಲ ಅದರ ಪಕ್ಕದಲ್ಲೇ ಇರುತ್ತವೆ.

ಒಳಾಂಗಣ ರೇಂಜ್‌ನಲ್ಲಿ ಈ ಸಣ್ಣ ಸದ್ದು ತಪ್ಪಿಹೋಗೋದು ಸುಲಭ. ಕಿವಿಗೆ ಮಫ್ ಇರುತ್ತದೆ, ಪಕ್ಕದವರು ಅದೇ ಕ್ಷಣ ಹೊಡೆದರೆ ಮುಗಿಯಿತು. ಹಾಗಾಗಿ ಕೈಗೆ ಬರುವ ಒದೆತದ ಮೇಲೂ ಗಮನ ಇರಲಿ. ಬರೀ "ಕ್ಲಿಕ್" ಅಂದು ಸುಮ್ಮನಾದರೂ ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಕೆಲವು ತೋಟಾ ತಡವಾಗಿ ಹಾರುತ್ತವೆ. ಇನ್ನೊಂದು ಮಾತು, ಕೆಲವು ಪಿಸ್ತೂಲ್‌ಗಳಲ್ಲಿ ಸ್ಲೈಡ್ ಬಿಚ್ಚಲು ಟ್ರಿಗರ್ ಒತ್ತಲೇಬೇಕು, ಅದಕ್ಕೂ ಮುಂಚೆ ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಿ.

ಪಿಸ್ತೂಲ್ ವಾಪಸ್ ಕೊಟ್ಟೆ. "ಒಂದು ತೋಟಾ ಹೀಗಾಗೋದು ಸಹಜ" ಅಂದುಬಿಟ್ಟರು ಮಾರಾಟದವರು, ಚೀಲ ಮಾತ್ರ ಮೇಜಿನ ಮೇಲೇ ಇತ್ತು. ನನಗೆ ಸಿಟ್ಟು ಬಂದಿದ್ದು ಅಲ್ಲೇ. ನಿಮ್ಮ ಹತ್ತಿರವೂ ಅಂಥ ಚೀಲ ಇದ್ದರೆ ತೂಕ ಮಾಡಿ ವಿಂಗಡಿಸೋಕೆ ಹೋಗಬೇಡಿ. ಕೇಸು, ಗುಂಡಿನ ತೂಕವೇ ಹೆಚ್ಚುಕಮ್ಮಿ ಇರುತ್ತದೆ, ಮದ್ದಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ರೇಂಜ್‌ನವರನ್ನು ಕೇಳಿ, ತಗೊಳ್ಳುವ ವ್ಯವಸ್ಥೆ ಇದ್ದರೆ ಅವರಿಗೇ ಒಪ್ಪಿಸಿಬಿಡಿ.