ಪವನಾ ಹಿನ್ನೀರಿನ ಟೆಂಟು, ಖೋಪೋಲಿಯ ಥೀಮ್ ಪಾರ್ಕು: ಒಂದೇ ಪ್ಯಾಕೇಜಿನಲ್ಲಿ ಎರಡನ್ನೂ ಕೊಂಡರೆ

ಡಿಸೆಂಬರ್ ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿಯ ಕನ್ನಡ ಬಳಗಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಚಿತ್ರ ಸುತ್ತುತ್ತದೆ. ನೀರಿನಂಚಿಗೆ ಸಾಲಾಗಿ ಟೆಂಟುಗಳು, ಮೇಲೆ ಹಳದಿ ದೀಪದ ಮಾಲೆ, ಹಿಂದೆ ತಿಕೋನಾ ಕೋಟೆಯ ಮೊನಚು. ಕೆಳಗೆ 'ಒಂದು ಹಗಲು ಥೀಮ್ ಪಾರ್ಕ್, ಒಂದು ರಾತ್ರಿ ಕ್ಯಾಂಪಿಂಗ್, ಊಟ ತಿಂಡಿ ಸೇರಿ' ಎಂಬ ಒಕ್ಕಣೆ. ಚಿತ್ರ ಸುಳ್ಳಲ್ಲ, ಅದರಲ್ಲಿರುವುದೆಲ್ಲ ಅಲ್ಲಿದೆ. ಅದರಲ್ಲಿ ಕಾಣದ್ದು ಟೆಂಟಿನೊಳಗಿನ ಹಾಸಿಗೆ. ರಾತ್ರಿ ಎರಡು ಗಂಟೆಗೆ ಲೆಕ್ಕಕ್ಕೆ ಬರುವುದು ಅದೊಂದೇ.

ಮೊದಲು ಊರುಗಳ ಲೆಕ್ಕ. ಪವನಾ ಅಣೆಕಟ್ಟು ಪುಣೆ ಜಿಲ್ಲೆಯ ಮಾವಳ ತಾಲೂಕಿನಲ್ಲಿ, ಘಾಟಿನ ಮೇಲೆ. ಥೀಮ್ ಪಾರ್ಕ್, ಅಂದರೆ 2013ರಲ್ಲಿ ಶುರುವಾದ ಇಮ್ಯಾಜಿಕಾ, ರಾಯಗಡ ಜಿಲ್ಲೆಯಲ್ಲಿ, ಖೋಪೋಲಿ-ಪಾಲಿ ರಸ್ತೆಯಲ್ಲಿ, ಘಾಟಿನ ಬುಡದಲ್ಲಿ. ನಕಾಶೆಯಲ್ಲಿ ಎರಡೂ ನೆರೆಮನೆಯಂತೆ ಕಂಡರೂ ನಡುವೆ ಬೋರ್ ಘಾಟ್ ಇದೆ, ಎತ್ತರದಲ್ಲಿ ಐನೂರು ಮೀಟರಿನಷ್ಟು ವ್ಯತ್ಯಾಸವಿದೆ. ರಸ್ತೆ ಖಾಲಿಯಿದ್ದರೆ ಒಂದೂವರೆ ಗಂಟೆ. ಶನಿವಾರ ಸಂಜೆ ಘಾಟ್ ಹತ್ತುವಾಗ ಎರಡೂವರೆ ಗಂಟೆಯಾದರೂ ಅಚ್ಚರಿಪಡಬೇಡಿ. ಜನವರಿಯಲ್ಲೂ ಮಧ್ಯಾಹ್ನ ಪಾರ್ಕಿನಲ್ಲಿ ಬೆವರು ಬರುತ್ತದೆ, ಅದೇ ರಾತ್ರಿ ಹಿನ್ನೀರಿನ ದಂಡೆಯಲ್ಲಿ ಪಾರಾ ಹತ್ತು-ಹನ್ನೆರಡು ಡಿಗ್ರಿಗೆ ಇಳಿದಿರುತ್ತದೆ. ಹಾಗಾಗಿ ಒಂದೇ ಚೀಲದಲ್ಲಿ ಎರಡು ಋತುವಿನ ಬಟ್ಟೆ ಬೇಕು.

ಪ್ಯಾಕೇಜಿನ ದೊಡ್ಡ ದೋಷ ಸಮಯದ್ದು. ಕ್ಯಾಂಪಿನ ಚೆಕ್-ಇನ್ ಸಂಜೆ ನಾಲ್ಕಕ್ಕೆ, ಚೆಕ್-ಔಟ್ ಬೆಳಿಗ್ಗೆ ಹನ್ನೊಂದಕ್ಕೆ. ಮೊದಲ ದಿನ ಪಾರ್ಕಿಗೆ ಹೋದರೆ ಕೊನೆಯ ರೈಡ್ ಮುಗಿಸಿ ಘಾಟ್ ಹತ್ತಿ ದಂಡೆ ಸೇರುವಾಗ ರಾತ್ರಿ ಹತ್ತು. ಬಾರ್ಬೆಕ್ಯೂ ಆರಿರುತ್ತದೆ, ಚಪಾತಿ ತಣ್ಣಗಾಗಿರುತ್ತದೆ, ಒಳ್ಳೆಯ ಜಾಗದ ಟೆಂಟುಗಳೆಲ್ಲ ಬೇರೆಯವರ ಪಾಲಾಗಿರುತ್ತವೆ. ಮೊದಲು ಕ್ಯಾಂಪ್, ಮರುದಿನ ಪಾರ್ಕ್ ಎಂದರೆ ಹನ್ನೊಂದಕ್ಕೆ ಹೊರಟು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ, ಟಿಕೆಟ್ ಮಾತ್ರ ಇಡೀ ದಿನದ್ದು. ಎರಡನೆಯದೇ ವಾಸಿ, ಒಂದು ಷರತ್ತಿನ ಮೇಲೆ: ಹಿಂದಿನ ರಾತ್ರಿಯೇ ಅವಲಕ್ಕಿಯನ್ನು ಏಳೂವರೆಗೆ ಮಾಡಿಕೊಡಲು ಹೇಳಿ, ಎಂಟಕ್ಕೆ ಜಾಗ ಬಿಡಬೇಕು. ಕ್ಯಾಂಪಿನವರು ಇದಕ್ಕೆ ಒಪ್ಪುತ್ತಾರೆ, ಕೇಳುವವರಿಲ್ಲ ಅಷ್ಟೆ. ಭಾನುವಾರ ರಾತ್ರಿ ಕ್ಯಾಂಪ್, ಸೋಮವಾರ ಪಾರ್ಕ್ ಆದರೆ ಘಾಟ್ ಇಳಿಯಲೂ ಸಲೀಸು, ರೈಡಿನ ಸಾಲೂ ಚಿಕ್ಕದು.

ಪಾರ್ಕಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೇಸಿಗೆಯಲ್ಲಿ ಕಾದ ನೆಲದ ಮೇಲೆ ನಡೆಯುವುದಕ್ಕಿಂತ ಚಳಿಗಾಲದಲ್ಲಿ ನೂರು ಪಾಲು ಮೇಲು. ನೈಟ್ರೋದಂಥ ದೊಡ್ಡ ರೈಡುಗಳಿಗೆ ಎತ್ತರದ ಮಿತಿ ಇರುವುದರಿಂದ ಮಕ್ಕಳನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ, ಗೇಟಿನಲ್ಲಿ ಅಳುವುದು ತಪ್ಪುತ್ತದೆ. ಮೊದಲ ದಿನವೇ ಪಾರ್ಕಿಗೆ ಹೋಗುವುದಾದರೆ, ಪಕ್ಕದ ವಾಟರ್ ಪಾರ್ಕಿನ ಟಿಕೆಟ್ ಸೇರಿಸಿ ಅಗ್ಗ ಮಾಡಿಕೊಡುತ್ತೇವೆ ಎಂದರೆ ಬೇಡ ಎನ್ನಿ. ನೆನೆದ ತಲೆ, ಒದ್ದೆ ಟವೆಲ್ ಹೊತ್ತು ಟೆಂಟಿಗೆ ಹೋದರೆ ಆ ಟವೆಲ್ ಬೆಳಗಿನವರೆಗೂ ಆರುವುದಿಲ್ಲ.

ಇನ್ನು ಟೆಂಟು. 'ಮೂವರ ಟೆಂಟ್' ಎಂದು ಕೊಡುವ ಗುಮ್ಮಟದ ನೆಲ ಸುಮಾರು ಏಳು ಅಡಿಗೆ ಆರು ಅಡಿ. ಮೂರು ಪಾಲು ಮಾಡಿದರೆ ತಲೆಗೆ ಎರಡು ಅಡಿ ಅಗಲ, ಅಂದರೆ ರೈಲಿನ ಸ್ಲೀಪರ್ ಬರ್ತಿನಷ್ಟು. ಚೀಲ, ಚಪ್ಪಲಿಗೆ ಜಾಗವಿಲ್ಲ. ಗೋಡೆ ಬುಡದಿಂದಲೇ ಒಳಕ್ಕೆ ಬಾಗಿರುವುದರಿಂದ ಏಳಡಿ ಉದ್ದವೂ ಪೂರ್ತಿ ಸಿಗುವುದಿಲ್ಲ. ಐದೂಮುಕ್ಕಾಲು ಅಡಿ ದಾಟಿದವರ ಪಾದವೋ ತಲೆಯೋ ಬಟ್ಟೆಗೆ ತಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಇದನ್ನು ನೋಡಿಯೇ ಹೇಳಿರಬೇಕು. ಮೂವರ ಟೆಂಟಿಗೆ ಇಬ್ಬರು, ನಾಲ್ವರದಕ್ಕೆ ಇಬ್ಬರು ದೊಡ್ಡವರು ಮತ್ತೊಂದು ಮಗು. ಹೀಗೆ ಲೆಕ್ಕ ಹಾಕಿ ದುಡ್ಡು ಕೊಡಿ.

ಬಟ್ಟೆಗೆ ತಾಗಿದರೆ ಏನಾಯಿತು ಎನ್ನುವವರಿಗೆ: ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಟೆಂಟಿನ ಒಳಮೈಗೆ ಟಾರ್ಚ್ ಹಿಡಿದು ನೋಡಿ. ಸಾಸಿವೆ ಕಾಳಿನಷ್ಟು ಹನಿಗಳು ಒತ್ತಾಗಿ ಕೂತಿರುತ್ತವೆ. ಬೆರಳು ತಾಗಿಸಿದರೆ ಎರಡು ಹನಿ ಕೂಡಿ ಒಂದಾಗಿ ಹೊಲಿಗೆಯ ಗುಂಟ ಜಾರಿ ಮೂಲೆಗಿಳಿಯುತ್ತವೆ, ಆ ಮೂಲೆಯಲ್ಲಿ ನಿಮ್ಮ ಕಾಲುಚೀಲ ಇರುತ್ತದೆ. ಇದು ಮಳೆಯೂ ಅಲ್ಲ, ಸೋರಿಕೆಯೂ ಅಲ್ಲ, ಒಳಗೆ ಮಲಗಿದವರ ಉಸಿರು. ಒಂದೇ ಪದರದ ಅಗ್ಗದ ಟೆಂಟಿನಲ್ಲಿ ಬಿಸಿ ಉಸಿರು ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಎರಡು ಪದರದ್ದಾದರೆ ಒಳಗಿನ ಜಾಳಿಗೆ ದಾಟಿ ಹೊರಗಿನ ಹೊದಿಕೆಯ ಮೇಲೆ ನಿಲ್ಲುತ್ತದೆ, ಮೈಗೆ ತಾಗುವುದಿಲ್ಲ. ಚಳಿ ಎಂದು ಎಲ್ಲ ಜಿಪ್ ಎಳೆದು ಬಿಗಿಯಾಗಿ ಮುಚ್ಚುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಎದುರುಬದುರಿನ ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದಿಟ್ಟರೆ ಗಾಳಿ ಆಡಿ, ಒಳಗೆ ಒಣಗಿರುತ್ತದೆ. ಒಣಗಿದ್ದರೆ ಚಳಿಯೂ ಕಡಿಮೆ.

ಆದರೂ ನಿದ್ದೆ ಕೆಡಿಸುವುದು ಗಾಳಿಯಲ್ಲ, ನೆಲ. ಕ್ಯಾಂಪಿನವರು ಹಾಸುವುದು ರೆಕ್ಸಿನ್ ಹೊದಿಕೆಯ ಎರಡಂಗುಲದ ಸ್ಪಂಜು. ನೋಡಲು ದಪ್ಪವಾಗಿದ್ದರೂ ಮಗ್ಗುಲಾದಾಗ ಸೊಂಟದ ಕೆಳಗೆ ಬೆರಳ ದಪ್ಪಕ್ಕೆ ಅಮುಕಿಹೋಗುತ್ತದೆ. ಅಲ್ಲಿಂದ ಮೈಯ ಶಾಖ ನೇರ ಮಣ್ಣಿಗೆ. ಮೇಲೆ ಮೂರು ರಗ್ಗು ಹೊದ್ದರೂ ಕೆಳಗಿನಿಂದ ಕೊರೆಯುವುದು ನಿಲ್ಲದು. ಮನೆಯಲ್ಲಿರುವ ಯೋಗ ಮ್ಯಾಟ್ ಒಂದನ್ನು ತಲೆಗೊಂದರಂತೆ ಸುತ್ತಿಕೊಂಡು ಹೋಗಿ ಸ್ಪಂಜಿನ ಕೆಳಗೆ ಹಾಸಿ. ಆರು ಮಿಲಿಮೀಟರಿನದ್ದು ಸಾಕು, ಎಂಟರದ್ದಾದರೆ ಇನ್ನೂ ಒಳ್ಳೆಯದು. ಅದೂ ಇಲ್ಲವೆಂದರೆ ಬಿಚ್ಚಿದ ರಟ್ಟಿನ ಪೆಟ್ಟಿಗೆಯಾದರೂ ಆದೀತು. ಊರಿನಿಂದ ತಂದ ಕುರಿ ಕಂಬಳಿ ಇದ್ದರೆ ಹೊದೆಯಬೇಡಿ, ಹಾಸಿಕೊಳ್ಳಿ. ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿರುತ್ತದೆ. ಸೊಲ್ಲಾಪುರದ ಚಾದರ ಮನೆಯಲ್ಲಿ ರಾಜ, ಇಲ್ಲಿ ಮಾತ್ರ ಅದರ ಹತ್ತಿ ಇಬ್ಬನಿ ಕುಡಿದು ಬೆಳಿಗ್ಗೆ ಭಾರವಾಗಿ, ತಣ್ಣಗೆ ಮೈಗಂಟುತ್ತದೆ.

ಜಾಗದ ಆಯ್ಕೆಯಲ್ಲೂ ಚಿತ್ರಕ್ಕೆ ಮೋಸಹೋಗುವವರೇ ಹೆಚ್ಚು. ನೀರಿಗೆ ತಾಗಿದ ಮೊದಲ ಸಾಲಿಗೆ 'ಲೇಕ್ ಟಚ್' ಎಂದು ಮುನ್ನೂರೋ ನಾನೂರೋ ಹೆಚ್ಚು ಕೇಳುತ್ತಾರೆ. ರಾತ್ರಿ ಗುಡ್ಡದಿಂದ ಇಳಿಯುವ ತಂಪು ಗಾಳಿ ಬಂದು ನಿಲ್ಲುವುದು ಆ ತಗ್ಗಿನಲ್ಲೇ, ಇಬ್ಬನಿ ದಟ್ಟವಾಗುವುದೂ ಅಲ್ಲೇ. ಇಪ್ಪತ್ತು ಮೂವತ್ತು ಅಡಿ ಮೇಲಿನ ಮೂರನೆಯ ಸಾಲು, ಅದರಲ್ಲೂ ಮರದ ಕೆಳಗಿನದು, ಅಗ್ಗವೂ ಹೌದು, ಒಣಗಿಯೂ ಇರುತ್ತದೆ. ತೆರೆದ ಆಕಾಶದ ಕೆಳಗೆ ಟೆಂಟಿನ ಬಟ್ಟೆ ಬೇಗ ತಣಿಯುತ್ತದೆ, ಕೊಂಬೆಯ ಮರೆ ಇದ್ದರೆ ಅಷ್ಟು ತಣಿಯುವುದಿಲ್ಲ. ಒಣಕೊಂಬೆ ನೇತಾಡುತ್ತಿಲ್ಲ ಎಂಬುದನ್ನಷ್ಟೇ ನೋಡಿಕೊಳ್ಳಿ. ನೀರು ನೋಡಬೇಕೆಂದರೆ ಬೆಳಿಗ್ಗೆ ಎದ್ದು ಐವತ್ತು ಹೆಜ್ಜೆ ನಡೆದರಾಯಿತು.

ಇಲ್ಲಿಯ ನೆಲ ದಖ್ಖನ್ನಿನ ಕರಿಕಲ್ಲು, ಮೇಲೆ ತೆಳುವಾಗಿ ಮಣ್ಣು. ಟೆಂಟಿನ ಜೊತೆ ಬರುವ ತಂತಿಯಂಥ ಗೂಟ ಎರಡಂಗುಲ ಇಳಿಯುವಷ್ಟರಲ್ಲಿ ಕಲ್ಲಿಗೆ ತಾಗಿ ಬಾಗುತ್ತದೆ. ಹುಡುಗರು ಹಗ್ಗದ ಮೇಲೊಂದು ಕಲ್ಲಿಟ್ಟು ಹೋಗಿಬಿಡುತ್ತಾರೆ. ಮಧ್ಯರಾತ್ರಿ ಗಾಳಿ ಎದ್ದಾಗ ಹೊರಹೊದಿಕೆ ಪಟಪಟ ಹೊಡೆದುಕೊಳ್ಳುವುದು ಇದರಿಂದಲೇ. ಬೆಳಕಿರುವಾಗಲೇ ನಾಲ್ಕೂ ಹಗ್ಗವನ್ನು ಎಳೆದು ನೋಡಿ. ಕೈಗೆ ಬಂದರೆ, ಹಗ್ಗವನ್ನು ಕಲ್ಲಿಗೆ ಎರಡು ಸುತ್ತು ಸುತ್ತಿ ಕಟ್ಟಿ, ಅದರ ಮೇಲೆ ಇನ್ನೊಂದು ಕಲ್ಲು ಹೇರಿಸಿ.

ಊಟ ಒಟ್ಟಿನಲ್ಲಿ ವಾಸಿ. ಐದಕ್ಕೆ ಚಹಾ, ಕಾಂದಾ ಭಜಿ. ಏಳೂವರೆಗೆ ಬಾರ್ಬೆಕ್ಯೂ, ತಲೆಗೆ ಐದಾರು ತುಂಡು ಕೋಳಿ ಅಥವಾ ಪನೀರ್, ಆಲೂಗಡ್ಡೆ. ಇಲ್ಲಿ ಬೇಯಿಸುವವರು ನೀವೇ, ಕೆಡಿಸುವವರೂ ನೀವೇ. ಇದ್ದಿಲು ಉರಿಯುತ್ತಿರುವಾಗಲೇ ಕಡ್ಡಿ ಇಟ್ಟರೆ ಹೊರಗೆ ಕರಕಲು, ಮೂಳೆಯ ಬಳಿ ಹಸಿ. ಹೊತ್ತಿಸಿ ಅರ್ಧ ಗಂಟೆ ಬಿಡಿ. ಜ್ವಾಲೆ ಅಡಗಿ, ಇದ್ದಿಲಿನ ಮೇಲೆ ಬೂದಿಯ ಪೊರೆ ಕಟ್ಟಿದ ಮೇಲೆ ಶುರುಮಾಡಿ. ರಾತ್ರಿಯ ಕೋಳಿ ರಸ್ಸಾ, ದಾಲ್ ಎಲ್ಲ ಕ್ಯಾಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಅನ್ನವನ್ನು ಮಾತ್ರ ಬಿಡಬೇಡಿ. ಮಾವಳದಲ್ಲೇ ಬೆಳೆಯುವ ಇಂದ್ರಾಯಣಿ ಅಕ್ಕಿ, ಸ್ವಲ್ಪ ಅಂಟು, ಒಳ್ಳೆಯ ಘಮ, ನಮ್ಮ ಸಾರಿಗೆ ಹೇಳಿ ಮಾಡಿಸಿದ್ದು. ಊರಿನವರ ಮನೆಯಡುಗೆಯ ಕ್ಯಾಂಪುಗಳಲ್ಲಿ ಇದು ಸಿಗುತ್ತದೆ, ಪಟ್ಟಣದಿಂದ ಅಡುಗೆ ತರಿಸುವ ಕಡೆ ಸಿಗುವುದಿಲ್ಲ. 'ಅಡುಗೆ ಅಲ್ಲೇ ಮಾಡುತ್ತೀರಾ?' ಎಂದು ಫೋನಿನಲ್ಲೇ ಕೇಳಿ. ಈರುಳ್ಳಿ-ಬೆಳ್ಳುಳ್ಳಿ ಬೇಡದವರು ಹಿಂದಿನ ದಿನವೇ ಹೇಳಬೇಕು, ಸಂಜೆ ಹೇಳಿದರೆ ಸಿಗುವುದು ಮೊಸರನ್ನ ಅಷ್ಟೆ. ಚಟ್ನಿಪುಡಿ, ಖಡಕ್ ರೊಟ್ಟಿಯ ಡಬ್ಬಿ ಒಯ್ಯುವವರು ಯಾವ ಕ್ಯಾಂಪಿನಲ್ಲೂ ಸೋತಿಲ್ಲ.

ಶೌಚಾಲಯದ ಬಗ್ಗೆ ಕೇಳುವ ಪ್ರಶ್ನೆ 'ಇದೆಯಾ?' ಎಂದಲ್ಲ, 'ಎಷ್ಟು ಜನಕ್ಕೆ ಎಷ್ಟು?' ಎಂದು. ಹದಿನೈದು ಜನಕ್ಕೊಂದು ಇದ್ದರೆ ನಡೆಯುತ್ತದೆ. ಮೂವತ್ತಕ್ಕೊಂದಾದರೆ ಬೆಳಿಗ್ಗೆ ಏಳಕ್ಕೆ ಕುರ್ಲಾ ಪ್ಲಾಟ್‌ಫಾರ್ಮು. ಬಿಸಿನೀರು ಸೌದೆಯ ಬಂಬಿನದು, ಬಕೆಟ್ ಲೆಕ್ಕದ್ದು, ಎಂಟೂವರೆ ಕಳೆದರೆ ಉಗುರುಬೆಚ್ಚಗೂ ಇರುವುದಿಲ್ಲ. ಅಜ್ಜ-ಅಜ್ಜಿ ಜೊತೆಗಿದ್ದರೆ ಟೆಂಟಿನಿಂದ ಅಲ್ಲಿಗೆ ಮೆಟ್ಟಿಲಿದೆಯೇ, ರಾತ್ರಿಯಿಡೀ ದೀಪವಿದೆಯೇ, ಕಮೋಡ್ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಅದೇ ಆವರಣದ ಮರದ ಕಾಟೇಜು ಹಿಡಿಯುವುದು ಲೇಸು.

ಬೆಂಕಿಯ ವಿಷಯದಲ್ಲಿ ಸಲಿಗೆ ಬೇಡ. ಕ್ಯಾಂಪ್‌ಫೈರ್ ಟೆಂಟಿನಿಂದ ಹದಿನೈದು ಅಡಿಯಾದರೂ ದೂರವಿರಲಿ, ಒಂದು ಕಿಡಿ ಸಾಕು ಪಾಲಿಯೆಸ್ಟರ್ ಬಟ್ಟೆ ಕರಗಿ ತೂತಾಗಲು. ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಕೆಂಡದ ಶಿಗಡಿಯನ್ನು ಬೆಚ್ಚಗಿರಲಿ ಎಂದು ಟೆಂಟಿನೊಳಗೆ ಎಳೆದುಕೊಳ್ಳುವುದು ಜೀವಕ್ಕೇ ಕುತ್ತು. ಹೊಗೆ ಕಾಣದಿದ್ದರೂ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದೂ ಇಲ್ಲ. ನೀರಿನ ವಿಷಯವೂ ಅಷ್ಟೆ: ಇದು ಈಜುಕೊಳವಲ್ಲ, ಅಣೆಕಟ್ಟಿನ ಹಿನ್ನೀರು. ದಂಡೆಯಲ್ಲಿ ಮೊಣಕಾಲುದ್ದ ಇದ್ದದ್ದು ಮುಂದಿನ ಎರಡು ಹೆಜ್ಜೆಗೆ ಆಳ, ಕೆಳಗೆ ಕಾಲು ಹಿಡಿಯುವ ಕೆಸರು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಗದ್ದಲಕ್ಕೆ ಕಾನೂನಿನ ಮದ್ದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ನಿಮ್ಮ ಕ್ಯಾಂಪ್ ಪಾಲಿಸಿದರೂ ನೀರಿನಾಚೆಯದು ಪಾಲಿಸದೆ ಇರಬಹುದು, ನೀರಿನ ಮೇಲೆ ಸದ್ದು ಬಲು ದೂರ ಸಾಗುತ್ತದೆ. ಶನಿವಾರ ಮತ್ತು ಡಿಸೆಂಬರ್ 31 ಬಿಟ್ಟರೆ ಈ ಕಾಟ ಅರ್ಧಕ್ಕರ್ಧ ಕಡಿಮೆ, ದರವೂ ಇಳಿದಿರುತ್ತದೆ. ಅಮಾವಾಸ್ಯೆಯ ಆಸುಪಾಸಿನ ವಾರದ ದಿನ ಸಿಕ್ಕರೆ, ಹತ್ತರ ನಂತರ ದೀಪದ ಮಾಲೆಯನ್ನೂ ಆರಿಸಲು ಹೇಳಿ. ಮಹಾವ್ಯಾಧ, ರೋಹಿಣಿ, ಕೃತ್ತಿಕೆ ಮೂರೂ ನೆತ್ತಿಯ ಸುತ್ತ ನಿಂತಿರುತ್ತವೆ, ಮುಂಬಯಿಯ ಗಚ್ಚಿಯ ಮೇಲೆ ಈ ಭಾಗ್ಯವಿಲ್ಲ. ಡಿಸೆಂಬರ್ 13-14ರ ರಾತ್ರಿ ಜೆಮಿನಿಡ್ ಉಲ್ಕೆಗಳ ಭರಾಟೆಯೂ ಇದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದಲ್ಲ, ಆಮೇಲೆ ಟೆಂಟಿನೊಳಗೆ ಬೆಳಿಗ್ಗೆ ಎಂಟಕ್ಕೇ ಬೆವರು.

ವಾಹನವಿಲ್ಲದವರು ಪುಣೆ-ಲೋಣಾವಳಾ ಲೋಕಲ್ಲಿನಲ್ಲಿ ಕಾಮಶೇತ್‌ಗೆ ಇಳಿದು ಪವನಾನಗರದ ಕಡೆಗೆ ಜೀಪು ಹಿಡಿಯಬಹುದು. ಮುಂಬಯಿಯವರು ಲೋಣಾವಳಾದಲ್ಲಿ ಗಾಡಿ ಬದಲಿಸಿದರೆ ಸಾಕು. ಪಾರ್ಕಿಗೆ ಕರ್ಜತ್ ಮೂಲಕ ಹೋಗುವ ಖೋಪೋಲಿ ಲೋಕಲ್ ಇದೆ, ಅಲ್ಲಿಂದ ಮುಂದೆ ರಿಕ್ಷಾ. ಕ್ಯಾಂಪಿನಿಂದ ನೇರ ಮನೆಗೆ ಮರಳುವವರು ಹನ್ನೊಂದರ ಚೆಕ್-ಔಟಿಗೆ ಕಾಯಬಾರದು. ಮಧ್ಯಾಹ್ನ ಈ ಮಾರ್ಗದಲ್ಲಿ ಲೋಕಲ್ ವಿರಳ, ಒಂದು ತಪ್ಪಿದರೆ ಕಾಮಶೇತಿನ ಬೆಂಚಿನ ಮೇಲೆ ಯೋಗ ಮ್ಯಾಟ್ ಬಿಚ್ಚಬೇಕಾದೀತು. ಒಂಬತ್ತೂವರೆಗೆ ಜೀಪು ಬರುವಂತೆ ರಾತ್ರಿಯೇ ಹೇಳಿಡಿ.