ಐಪಿ ವಿಳಾಸದ ಘರ್ಷಣೆ: ರೂಟರ್ ಪಟ್ಟಿಯೋ, ಎಆರ್‌ಪಿ ಕೋಷ್ಟಕವೋ, ವೈರ್‌ಶಾರ್ಕೋ?

ವಿಜಯಪುರದಲ್ಲಿ ವಸತಿಗೃಹ ನಡೆಸುವ ಸ್ನೇಹಿತರೊಬ್ಬರು, ತಮ್ಮ ವೈಫೈ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಎರಡು ಸಾಧನಗಳು ಹಿಡಿದುಕೊಂಡಾಗ ಅವುಗಳನ್ನು ಪತ್ತೆಮಾಡಲು ಈ ಮೂರರಲ್ಲಿ ಯಾವುದು ತಕ್ಕದ್ದೆಂದು ಕೇಳಿದ್ದಾರೆ.

ಖರ್ಚಿನ ಮಾತೇ ಇಲ್ಲ, ಮೂರೂ ಉಚಿತ. ಸುಲಭತೆಯಲ್ಲಿ ರೂಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿಯೇ ವಿಳಾಸ ಹಂಚುವ ವ್ಯವಸ್ಥೆ) ಪಟ್ಟಿ ಮುಂದಿದೆ, ಬ್ರೌಸರ್ ತೆರೆದರೆ ಸಾಕು. ಆದರೆ ರೂಟರ್ ತಾನು ಹಂಚಿದ ವಿಳಾಸಗಳನ್ನಷ್ಟೇ ಅಲ್ಲಿ ದಾಖಲಿಸುವುದರಿಂದ, ಪ್ರಿಂಟರ್‌ಗೋ ಸಿಸಿಟಿವಿ ರೆಕಾರ್ಡರ್‌ಗೋ ಯಾರೋ ಕೈಯಾರೆ ಕೊಟ್ಟ ಸ್ಥಿರ ವಿಳಾಸ ಅದರಲ್ಲಿ ಕಾಣದಿರಬಹುದು. ಘರ್ಷಣೆಯ ಮೂಲ ಅಲ್ಲಿಯೇ ಇರುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಖಚಿತತೆಯಲ್ಲಿ ಎಆರ್‌ಪಿ ಕೋಷ್ಟಕ, ಅಂದರೆ ಯಾವ ಐಪಿ ಯಾವ ಮ್ಯಾಕ್ ವಿಳಾಸದ್ದು (ಸಾಧನದ ಜಾಲ-ಯಂತ್ರಾಂಶದ ಗುರುತು) ಎಂದು ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಪಟ್ಟಿ, ಮೇಲು. ಕೋಷ್ಟಕವನ್ನು ಅಳಿಸಿ, ಘರ್ಷಣೆಯಾದ ಐಪಿ ವಿಳಾಸಕ್ಕೆ ಪಿಂಗ್ (ಉತ್ತರ ಕೇಳುವ ಪುಟ್ಟ ಸಂದೇಶ) ಕಳುಹಿಸಿ ಮತ್ತೆ ಮತ್ತೆ ನೋಡಿದಾಗ ಮ್ಯಾಕ್ ವಿಳಾಸ ಬದಲಾಗುತ್ತಿದ್ದರೆ, ಆ ಐಪಿಗೆ ಇಬ್ಬರು ಒಡೆಯರಿದ್ದಾರೆ ಎಂದರ್ಥ. ಮ್ಯಾಕ್‌ನ ಮೊದಲ 24 ಬಿಟ್‌ಗಳು ಸಾಮಾನ್ಯವಾಗಿ ತಯಾರಕರನ್ನು ಸೂಚಿಸುತ್ತವೆ. ಇಂದಿನ ಫೋನುಗಳು ಯಾದೃಚ್ಛಿಕ ಮ್ಯಾಕ್ ಬಳಸುವುದರಿಂದ ಅವುಗಳ ವಿಷಯದಲ್ಲಿ ಈ ಸುಳಿವು ಕೈಕೊಡುತ್ತದೆ.

ಜಾಲದ ಸಂಚಾರವನ್ನು ದಾಖಲಿಸಿ ತೋರಿಸುವ ತಂತ್ರಾಂಶವಾದ ವೈರ್‌ಶಾರ್ಕ್ ಕಲಿಯುವುದು ಕಷ್ಟವೇ ಸರಿ. ಆದರೂ ಆಗೊಮ್ಮೆ ಈಗೊಮ್ಮೆ ತಲೆದೋರಿ ಮಾಯವಾಗುವ ಘರ್ಷಣೆಗೆ, ಗಂಟೆಗಟ್ಟಲೆ ದಾಖಲಿಸಿಟ್ಟು ಎರಡೆರಡು ಬಾರಿ ಬಳಕೆಯಾದ ವಿಳಾಸವನ್ನು ತಾನೇ ಎತ್ತಿತೋರಿಸುವ ಅದೇ ತಕ್ಕದ್ದು.

ಅತಿಥಿಗಳ ವೈಫೈಯಲ್ಲಿ ಸಾಧನಗಳು ಪರಸ್ಪರ ಕಾಣದಂತೆ ಬೇರ್ಪಡಿಸಿದ್ದರೆ, ಲ್ಯಾಪ್‌ಟಾಪ್‌ನಿಂದ ನೋಡುವ ಈ ಎರಡೂ ವಿಧಾನಗಳು ಕುರುಡಾಗುತ್ತವೆ. ಆಗ ರೂಟರ್‌ನೊಳಗಿನ ಪಟ್ಟಿಗೇ ಮರಳಬೇಕು.