ಸೇರಿಸಿಕೊಳ್ಳುವಾಗ ಐದು ಸ್ಟಾರ್, ಕಳಿಸಿಕೊಡುವಾಗ ಎರಡು

ಅಮೆರಿಕದ ಒಂದು ದೊಡ್ಡ ಟ್ರಕ್ ಕಂಪನಿಯಲ್ಲಿ ದೂರದೂರಿಗೆ ಸರಕು ಒಯ್ಯುವ ಲಾಂಗ್ ಹಾಲ್ ಡ್ರೈವರ್ ಆಗಿದ್ದೆ, ಈಗ ಬಿಟ್ಟಿದ್ದೇನೆ. ಕಂಪನಿಯ ಹೆಸರು ಬೇಡ. ಇದೇ ಥರ ನಡೆಯುವವು ಅಲ್ಲಿ ಬೇಕಾದಷ್ಟಿವೆ. ಮೈಲಿಗೆ ಎಷ್ಟು ಕೊಡುತ್ತಾರೆ, ಗಾಡಿ ಹೊಸದಾ ಹಳೆಯದಾ ಅಂತ ಹೇಳುವ ರಿವ್ಯೂಗಳು ರಾಶಿ ಇವೆ. ಆದರೆ ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ನಿಂತು "ನಾನಿನ್ನು ಬರಲ್ಲ" ಅಂದರೆ ಇವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದು ಅವುಗಳಲ್ಲಿ ಕಾಣಲ್ಲ. ನಾನು ಕಂಪನಿಗೆ ಮಾರ್ಕ್ಸ್ ಹಾಕೋದು ಅದನ್ನೇ ನೋಡಿ.

ಚೆನ್ನಾಗಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಗಾಡಿ ಚೆನ್ನಾಗಿತ್ತು. ಎಂಜಿನ್ ಆಫ್ ಮಾಡಿದರೂ ಓಡುವ ಹೀಟರ್, ಒಳ್ಳೆ ಹಾಸಿಗೆ, ಚಿಕ್ಕ ಫ್ರಿಜ್ ಎಲ್ಲ ಇತ್ತು. ಟೈರ್ ಸವೆದಿದೆ ಅಂದರೆ ಎರಡು ಮಾತಿಲ್ಲದೆ ಬದಲಾಯಿಸುತ್ತಿದ್ದರು. ಸಂಬಳ ವಾರ ವಾರ ತಪ್ಪದೆ ಬರುತ್ತಿತ್ತು. ಲಾಗ್, ಅಂದರೆ ಎಷ್ಟು ಗಂಟೆ ಓಡಿಸಿದೆ ಅನ್ನುವ ದಾಖಲೆ, ಅದನ್ನು ತಿದ್ದು ಅಂತ ಯಾರೂ ಕೇಳಲಿಲ್ಲ. 2017ರ ಡಿಸೆಂಬರ್‌ನಿಂದ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯವಾದ ಮೇಲೆ ಕೇಳೋದೂ ಸುಲಭ ಅಲ್ಲ ಬಿಡಿ.

ಸಮಯದ ವಿಷಯಕ್ಕೆ ಬರೋಣ. ನಿಯಮದ ಪ್ರಕಾರ ದಿನದ ಕೆಲಸ ಶುರುವಾದ 14 ಗಂಟೆಯೊಳಗೆ 11 ಗಂಟೆ ಓಡಿಸಬಹುದು, ಆಮೇಲೆ 10 ಗಂಟೆ ರೆಸ್ಟ್. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಗೋದಾಮಿನ ಬಾಗಿಲಲ್ಲಿ ಲೋಡ್ ಆಗೋಕೆ ಕಾಯುತ್ತಾ ಕೂತರೂ ಆ 14 ಗಂಟೆ ಓಡುತ್ತಲೇ ಇರುತ್ತದೆ, ನಮ್ಮ ಸಂಬಳ ಮಾತ್ರ ಓಡಲ್ಲ, ಯಾಕೆಂದರೆ ಅದು ಮೈಲಿ ಲೆಕ್ಕ, ಚಕ್ರ ತಿರುಗಿದರೆ ಮಾತ್ರ ದುಡ್ಡು. ಓವರ್‌ಟೈಮ್ ಕೇಳೋಣ ಅಂದರೆ 1938ರ ಫೆಡರಲ್ ಕಾನೂನೇ ರಾಜ್ಯದಿಂದ ರಾಜ್ಯಕ್ಕೆ ಓಡುವ ಟ್ರಕ್ ಡ್ರೈವರ್‌ಗಳನ್ನು ಹೊರಗಿಟ್ಟಿದೆ. ಇದು ಇಡೀ ಉದ್ಯಮದ ರೋಗ, ಈ ಕಂಪನಿಗೆ ಇದಕ್ಕಾಗಿ ಸ್ಟಾರ್ ಕಡಿಮೆ ಮಾಡಲ್ಲ.

ಕಡಿಮೆ ಮಾಡೋದು ಹೋಮ್ ಟೈಮ್, ಅಂದರೆ ಮನೆಗೆ ಹೋಗಿಬರೋಕೆ ಕೊಡುವ ಬಿಡುವಿನ ವಿಷಯಕ್ಕೆ. ಕೆಲಸಕ್ಕೆ ಸೇರಿಸಿಕೊಂಡ ರಿಕ್ರೂಟರ್ ಫೋನಲ್ಲಿ ಜೇನು ಸುರಿಸಿದ್ದರು. ಗಾಡಿ ಕೈಗೆ ಬಂದ ಮೇಲೆ ಪ್ರತಿ ಸಲವೂ "ಇದೊಂದು ಲೋಡ್ ಮುಗಿಸಿ ಹೋಗು" ಅನ್ನುವ ಮೆಸೇಜ್. ಆ ಲೋಡ್ ಮುಗಿಯುವ ಊರಿನ ಪಕ್ಕದಲ್ಲೇ ಇನ್ನೊಂದು ಲೋಡ್ ಕಾಯುತ್ತಿರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2020ರಿಂದ ನಾಲ್ಕು ವಾರಕ್ಕೊಮ್ಮೆಯಾದರೂ ಡ್ರೈವರ್ ಮನೆಗೆ ಅಥವಾ ಕಂಪನಿಯ ನೆಲೆಗೆ ವಾಪಸ್ ಹೋಗುವ ಹಾಗೆ ಕಂಪನಿಯೇ ಕೆಲಸ ಹೊಂದಿಸಬೇಕು ಅಂತ ನಿಯಮವಿದೆ. ಅಮೆರಿಕದಲ್ಲಿ ಅಂಥ ನಿಯಮ ಇಲ್ಲ. ರಿಕ್ರೂಟರ್ ಬಾಯಿಮಾತು ಇದೆ.

ನಾನು ಕೆಲಸ ಬಿಡುತ್ತೇನೆ ಅಂದದ್ದು ವ್ಯೋಮಿಂಗ್ ರಾಜ್ಯದಲ್ಲಿ. ರಾಲಿನ್ಸ್ ಮತ್ತು ಲಾರಮಿ ನಡುವಿನ ಐ-80 ಹೈವೇ ಗಾಳಿಗೆ ಹೆಸರುವಾಸಿ. ಚಳಿಗಾಲದಲ್ಲಿ ಆಗಾಗ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ, ಖಾಲಿ ಟ್ರೇಲರ್‌ಗಳು ಮಗುಚಿ ಬೀಳುತ್ತವೆ. ಅವತ್ತೂ ಮುಚ್ಚಿತ್ತು, ರಾಲಿನ್ಸ್‌ನ ಟ್ರಕ್ ಸ್ಟಾಪ್‌ನಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇರಲಿಲ್ಲ. ನಮಗೆ ಲೋಡ್ ಹಂಚುವ ಡಿಸ್ಪ್ಯಾಚರ್ ಮಾತ್ರ ಗಾಡಿ ಯಾಕೆ ಅಲ್ಲಾಡುತ್ತಿಲ್ಲ ಅಂತ ಮೇಲಿಂದ ಮೇಲೆ ಕೇಳುತ್ತಿದ್ದ. ಅದರ ಜೊತೆಗೇ ನನ್ನ ಹೋಮ್ ಟೈಮ್ ಮತ್ತೆ ಮುಂದಕ್ಕೆ ಹೋಗಿದೆ ಅನ್ನುವ ಸುದ್ದಿ ಬಂತು. "ಈ ಲೋಡ್ ಇಳಿಸಿ ಕೆಲಸ ಬಿಡುತ್ತೇನೆ, ಟ್ರಕ್ ಯಾವ ಟರ್ಮಿನಲ್‌ನಲ್ಲಿ ಒಪ್ಪಿಸಲಿ?" ಅಂತ ಬರೆದೆ. ಟರ್ಮಿನಲ್ ಅಂದರೆ ಕಂಪನಿಯ ಯಾರ್ಡ್. ಫೋನ್ ಮಾಡಲಿಲ್ಲ, ಬರೆದೇ ಕಳಿಸಿದೆ. ಇದನ್ನು ನೆನಪಿಡಿ.

ಉತ್ತರ ಬರೋಕೆ ಒಂದು ರಾತ್ರಿ ಬೇಕಾಯಿತು. ಬಂದದ್ದು ಉತ್ತರ ಅಲ್ಲ, ಇನ್ನೊಂದು ಲೋಡ್, ಅದೂ ಮನೆಯ ದಿಕ್ಕಿಗೆ ಬೆನ್ನು ಹಾಕಿ. ಆಮೇಲೆ ಬೇರೆ ಯಾರೋ ಮ್ಯಾನೇಜರ್ ಫೋನ್ ಮಾಡಿ, ಇಲ್ಲೇ ಬಿಟ್ಟು ಹೋದರೆ ಅಬ್ಯಾಂಡನ್‌ಮೆಂಟ್ ಅಂತ ಬರೆಯುತ್ತೇವೆ ಅಂದರು. ಬಿಟ್ಟು ಹೋಗುತ್ತೇನೆ ಅಂತ ನಾನು ಹೇಳೇ ಇರಲಿಲ್ಲ!

ಈ ಅಬ್ಯಾಂಡನ್‌ಮೆಂಟ್ ಏನು ಅಂತ ಹೊಸಬರಿಗೆ ಹೇಳಬೇಕು. ಹೇಳಿದ ಜಾಗದಲ್ಲಿ ಒಪ್ಪಿಸದೆ ಎಲ್ಲೋ ಟ್ರಕ್ ನಿಲ್ಲಿಸಿ ಹೊರಟುಹೋದರೆ ಕಂಪನಿ ಅದನ್ನು ಡ್ಯಾಕ್ ರಿಪೋರ್ಟ್‌ಗೆ ಹಾಕಬಹುದು. ಡ್ಯಾಕ್ ಅಂದರೆ ಹೈರ್‌ರೈಟ್ ಅನ್ನುವ ಕಂಪನಿ ಇಟ್ಟುಕೊಂಡಿರುವ ಡ್ರೈವರ್‌ಗಳ ಜಾತಕ, ಮುಂದಿನ ಕಂಪನಿ ಕೆಲಸ ಕೊಡುವ ಮುಂಚೆ ಅದನ್ನು ತೆಗೆದು ನೋಡುತ್ತದೆ. ಆ ಒಂದು ಸಾಲು ಇದ್ದರೆ ಒಳ್ಳೆ ಕಂಪನಿಗಳು ಅರ್ಜಿಯನ್ನು ಪಕ್ಕಕ್ಕಿಡುತ್ತವೆ. ಹಾಗಂತ ಹೆದರಿ ಏನು ಬೇಕಾದರೂ ಸಹಿಸಬೇಕಿಲ್ಲ. 2009ರ ಜನವರಿಯಲ್ಲಿ ಇಲಿನಾಯ್‌ನ ಐ-88ರಲ್ಲಿ ಒಬ್ಬ ಡ್ರೈವರ್‌ನ ಟ್ರೇಲರ್ ಬ್ರೇಕ್ ಚಳಿಗೆ ಹೆಪ್ಪುಗಟ್ಟಿ, ಕ್ಯಾಬಿನ್ ಹೀಟರೂ ಕೆಟ್ಟು, ಮೈ ಮರಗಟ್ಟುವ ತನಕ ಕಾದು, ಕೊನೆಗೆ ಟ್ರೇಲರ್ ಕಳಚಿಟ್ಟು ಬರೀ ಟ್ರಕ್ ಓಡಿಸಿಕೊಂಡು ಹೋಗಿದ್ದ. ಕಂಪನಿ ಕೆಲಸದಿಂದ ತೆಗೆಯಿತು. ಕೇಸ್ ಅಪೀಲ್ ಕೋರ್ಟ್ ತನಕ ಹೋಗಿ 2016ರಲ್ಲಿ ಅವನೇ ಗೆದ್ದ. ಅಲ್ಲಿ ಅವನ ವಿರುದ್ಧ ಬರೆದ ಒಬ್ಬ ಜಡ್ಜ್ ನೀಲ್ ಗೋರ್ಸಚ್, ಮರುವರ್ಷವೇ ಸುಪ್ರೀಂ ಕೋರ್ಟ್‌ಗೆ ಹೋದರು, ಅದು ಬೇರೆ ಕಥೆ. ಆ ಡ್ರೈವರ್‌ನ ಬೆನ್ನಿಗಿದ್ದದ್ದು 1982ರ ಕಾನೂನು. ಸೇಫ್ ಅಲ್ಲದ ಗಾಡಿ ಓಡಿಸಲ್ಲ ಅಂದದ್ದಕ್ಕೆ ಕೆಲಸ ಹೋದರೆ 180 ದಿನದೊಳಗೆ ಕಾರ್ಮಿಕ ಇಲಾಖೆಯ ಸುರಕ್ಷತಾ ವಿಭಾಗವಾದ ಓಶಾಗೆ ದೂರು ಕೊಡಬಹುದು. ಆದರೆ ಇದು ಜೀವಕ್ಕೆ ಅಪಾಯ ಇದ್ದಾಗಿನ ಮಾತು. ಹೋಮ್ ಟೈಮ್ ಸಿಗಲಿಲ್ಲ ಅಂತ ಬಿಡುವವರು ಟ್ರಕ್ ಅನ್ನು ಟರ್ಮಿನಲ್‌ಗೆ ಮುಟ್ಟಿಸಿಯೇ ಹೊರಡಬೇಕು, ಎಷ್ಟೇ ಸಿಟ್ಟು ಬಂದಿರಲಿ.

ನಾನೂ ಮುಟ್ಟಿಸಿದೆ. ಯಾರ್ಡ್‌ನವನು ಟ್ಯಾಬ್ಲೆಟ್ ಹಿಡಿದು ಗಾಡಿ ಸುತ್ತ ಬಂದು, ಬಂಪರ್‌ನ ಹಳೆ ಗೀರನ್ನೂ ನನ್ನ ಲೆಕ್ಕಕ್ಕೇ ಬರೆಯೋಕೆ ನೋಡಿದ. ಗಾಡಿ ನನ್ನ ಕೈಗೆ ಬಂದ ದಿನದ ಫೋಟೋ ತೋರಿಸಿದೆ, ಸುಮ್ಮನಾದ. ಅವನ ಎದುರೇ ಓಡೋಮೀಟರ್, ಡೀಸೆಲ್ ಮುಳ್ಳು, ಒಂದೊಂದು ಟೈರು, ಗುಡಿಸಿದ ಕ್ಯಾಬಿನ್, ಟ್ರೇಲರ್ ನಂಬರ್, ಕೊನೆಗೆ ಅವನ ಅಂಗೈಯಲ್ಲಿದ್ದ ಕೀ ಮತ್ತು ಫ್ಯುಯೆಲ್ ಕಾರ್ಡ್, ಎಲ್ಲದರ ಫೋಟೋ ಹೊಡೆದುಕೊಂಡೆ. ರಸೀದಿ ಕೇಳಿದರೆ "ನಾವು ಕೊಡಲ್ಲ" ಅಂದ. ಹಾಗಾದರೆ ಅಂತ ಅಲ್ಲೇ ನಿಂತು ಡಿಸ್ಪ್ಯಾಚರ್‌ಗೆ ಫೋಟೋಗಳ ಜೊತೆ ಮೆಸೇಜ್ ಹಾಕಿದೆ. ಅಷ್ಟು ಹೊತ್ತಿಗೆ ನನ್ನ ಸಾಮಾನೆಲ್ಲ ಕಾಂಕ್ರೀಟ್ ಮೇಲೆ ಹರಡಿತ್ತು. ಹೊದಿಕೆ, ಬೂಟು, ಇನ್ವರ್ಟರ್, ಉಕ್ಕಿನ ಟೋ ಇರುವ ಇನ್ನೊಂದು ಜೊತೆ ಬೂಟು. ಕ್ಯಾಬಿನ್‌ನಲ್ಲಿ ಇಷ್ಟೇ ಇಷ್ಟು ಕಂಡದ್ದು ಕೆಳಗಿಟ್ಟ ಮೇಲೆ ಬಸ್ಸಿಗೆ ಹೊರೆಯಾಯಿತು. ಅರ್ಧ ಅಲ್ಲಿದ್ದ ಡ್ರೈವರ್‌ಗಳಿಗೇ ಕೊಟ್ಟುಬಿಟ್ಟೆ.

ಮನೆಗೆ ಹೋಗೋಕೆ ಟಿಕೆಟ್? ತಾವಾಗಿ ಬಿಟ್ಟವರಿಗೆ ಇಲ್ಲವಂತೆ, ಅದು ಪಾಲಿಸಿ. ಓರಿಯೆಂಟೇಷನ್‌ಗೆ ಬರುವಾಗ ಕೇಳುವ ಮೊದಲೇ ಬಸ್ ಟಿಕೆಟ್ ಫೋನಿಗೆ ಬಂದಿತ್ತು. ಬಸ್ ಸ್ಟಾಂಡ್‌ಗೆ ಬಿಡೋಕೂ ಕಂಪನಿಯಿಂದ ಯಾರೂ ಬರಲಿಲ್ಲ, ಶಿಫ್ಟ್ ಮುಗಿಸಿ ಹೊರಟಿದ್ದ ಒಬ್ಬ ಮೆಕ್ಯಾನಿಕ್ ತನ್ನ ಕಾರಲ್ಲಿ ಬಿಟ್ಟ. ಎರಡು ಸ್ಟಾರ್‌ನಲ್ಲಿ ಒಂದು ಪೂರ್ತಿ ಅವನದು.

ಆಮೇಲೆ ಡ್ಯಾಕ್ ತರಿಸಿ ನೋಡಿದರೆ "ನೋಟಿಸ್ ಕೊಡದೆ ಬಿಟ್ಟಿದ್ದಾನೆ" ಅಂತ ಇತ್ತು. ಈ ರಿಪೋರ್ಟ್ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ತಪ್ಪಿದ್ದರೆ ಡಿಸ್ಪ್ಯೂಟ್ ಹಾಕಬಹುದು, ಅವರು ಸಾಮಾನ್ಯವಾಗಿ 30 ದಿನದೊಳಗೆ ವಿಚಾರಿಸಬೇಕು. ರಾಲಿನ್ಸ್‌ನಿಂದ ಕಳಿಸಿದ ಮೆಸೇಜ್‌ನ ಸ್ಕ್ರೀನ್‌ಶಾಟ್ ಹಾಕಿದೆ, ಆ ಸಾಲು ಹೋಯಿತು. ಬರೆದೇ ಕಳಿಸಿದ್ದನ್ನು ನೆನಪಿಡಿ ಅಂದದ್ದು ಇದಕ್ಕೇ. ಡ್ಯಾಕ್ ಹೊರತಾಗಿಯೂ, ಹೊಸ ಕಂಪನಿ ಹಿಂದಿನ ಮೂರು ವರ್ಷದ ಮಾಲೀಕರನ್ನು ನಿಮ್ಮ ಸೇಫ್ಟಿ ದಾಖಲೆ ಕೇಳಲೇಬೇಕು. ಅವರು ಏನು ಹೇಳಿದರು ಅಂತ ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ನಿಮಗಿದೆ.

ಹೊಸದಾಗಿ ಸೇರುವವರಿಗೆ ಈ ಕಂಪನಿ ಬೇಡ ಅಂತ ಪೂರ್ತಿ ಹೇಳಲಾರೆ. ಮನೆ ಚಿಂತೆ ಇಲ್ಲದವರಿಗೆ, ಮೈಲಿ ಓಡಿಸಿದಷ್ಟೂ ಸಂತೋಷ ಅನ್ನುವವರಿಗೆ ಗಾಡಿ, ಸಂಬಳ ಎರಡೂ ಸರಿ. ಆದರೆ ರಿಕ್ರೂಟರ್ ಫೋನ್ ಮಾಡಿದಾಗ ಬಿಟ್ಟರೆ ಟ್ರಕ್ ಎಲ್ಲಿ ಒಪ್ಪಿಸಬೇಕು, ಅಲ್ಲಿಂದ ಮನೆಗೆ ಯಾರು ಕಳಿಸುತ್ತಾರೆ, ಟ್ರೇನಿಂಗ್‌ಗೆ ಕಂಪನಿ ಹಾಕಿದ ದುಡ್ಡಿನ ಸಾಲ ಎಷ್ಟು ದಿನ ತಲೆ ಮೇಲಿರುತ್ತದೆ ಅಂತ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕೆಲಸದ ಮಾತಿನಲ್ಲಿ ಬಿಡುವ ಮಾತು ಯಾಕೆ ಅಂತ ನಕ್ಕು ಹಾರಿಸಿದರೆ ಅಲ್ಲೇ ಫೋನ್ ಇಟ್ಟುಬಿಡಿ.

ಕೊನೆಯ ಸಂಬಳದಲ್ಲಿ ಕ್ಯಾಬಿನ್ ಕ್ಲೀನಿಂಗ್ ಅಂತ ಒಂದಷ್ಟು ಹಿಡಿದುಕೊಂಡಿದ್ದಾರೆ. ಗುಡಿಸಿದ ಕ್ಯಾಬಿನ್ ಫೋಟೋ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ. ದುಡ್ಡು ವಾಪಸ್ ಬಂದರೆ ಅರ್ಧ ಸ್ಟಾರ್ ಸೇರಿಸುತ್ತೇನೆ.